ಓಣಿಯ ಉರ್ದು ಶಾಲೆ ಮತ್ತು ಅದರ ದಾಖಲಾತಿ ಪುಸ್ತಕ



ವಿದ್ಯಾರ್ಥಿವೇತನದ ಅರ್ಜಿಯ ಜೊತೆ ನಾವು ಕೇಳುವ ಕಾಗದಗಳಲ್ಲಿ ಪಾಲಕರನ್ನು ಹೆಚ್ಚು ಓಡಾಡಿಸುವುದು ಶಾಲಾ ದಾಖಲಾತಿಯ ಪ್ರತಿ. ಆಧಾರ್ ಇರುತ್ತದೆ, ಪಡಿತರ ಚೀಟಿ ಇರುತ್ತದೆ, ಬ್ಯಾಂಕಿನ ಪಾಸ್‌ಬುಕ್ ಕೂಡ ಇರುತ್ತದೆ. ತಂದೆ ಅಥವಾ ಅಜ್ಜ ಓದಿದ ಶಾಲೆಯ ದಾಖಲೆ ಕೇಳಿದಾಗ ಮಾತ್ರ ಮುಖ ಸಪ್ಪಗಾಗುತ್ತದೆ. 'ಅವರು ಉರ್ದು ಸಾಲಿಗೆ ನಾಲ್ಕನೆತ್ತಕ್ಕೆ ಬಿಟ್ಟರು ಸರ್, ಅದರ ಕಾಗದ ಈಗ ಎಲ್ಲಿ ಸಿಗಬೇಕು?' ಎಂದು ಕೇಳುತ್ತಾರೆ. ಅದು ಸಿಗುತ್ತದೆ, ಬಹಳ ಸಲ ಅದೇ ಶಾಲೆಯ ಕಬ್ಬಿಣದ ಬೀರುವಿನಲ್ಲಿಯೇ ಸಿಗುತ್ತದೆ. ಆ ಬೀರು ಅಲ್ಲಿಗೆ ಹೇಗೆ ಬಂತು, ಆ ಶಾಲೆ ಯಾರದ್ದು, ಅದು ಉಳಿಯುವುದೋ ಇಲ್ಲವೋ ಎಂಬುದನ್ನು ಈ ವರ್ಷದ ವರದಿಯಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕೆಂದು ನಾವು ಯೋಚಿಸಿದೆವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳ ಶಾಲೆಗಳ ಹಿಂದೆ ಒಂದೇ ಬಳ್ಳಾರಿ ಜಿಲ್ಲೆಯ ಕಥೆ ಇದೆ. ಆದ್ದರಿಂದ ಐದನ್ನೂ ಸೇರಿಸಿಯೇ ಹೇಳುತ್ತೇವೆ.

1823ರ ಎಣಿಕೆ

ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ಅದೃಷ್ಟವಿದೆ. ಎರಡು ನೂರು ವರ್ಷಗಳ ಹಿಂದೆ ಇಲ್ಲಿ ಎಷ್ಟು ಶಾಲೆಗಳಿದ್ದವು, ಎಷ್ಟು ಮಕ್ಕಳಿದ್ದರು ಎಂಬುದನ್ನು ಒಬ್ಬ ಅಧಿಕಾರಿ ಎಣಿಸಿ ಬರೆದಿಟ್ಟಿದ್ದಾನೆ. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರ ಜೂನ್‌ನಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ದೇಶಿ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ತೆಲುಗು ವ್ಯಾಕರಣ ಬರೆದ ಕ್ಯಾಂಪ್‌ಬೆಲ್ ಇವನೇ. ಉಳಿದ ಕಲೆಕ್ಟರುಗಳಲ್ಲಿ ಕೆಲವರು ಬರೀ ಪಟ್ಟಿ ಕಳಿಸಿ ಕೈತೊಳೆದುಕೊಂಡರು, ಈತ ಮಾತ್ರ ಮಕ್ಕಳು ಹೇಗೆ ಕಲಿಯುತ್ತಾರೆ, ಏನು ಓದುತ್ತಾರೆ, ಏಕೆ ಬಿಡುತ್ತಾರೆ ಎಂದೆಲ್ಲ ಬರೆದ. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವರದಿ ಪೂರ್ತಿಯಾಗಿ ಅಚ್ಚಾಗಿದೆ.

ಆಗಿನ ಬಳ್ಳಾರಿ ಜಿಲ್ಲೆ ದೊಡ್ಡದು, ಇಂದಿನ ಅನಂತಪುರವೂ ಅದರಲ್ಲಿತ್ತು (ಅನಂತಪುರ ಬೇರೆಯಾದದ್ದು 1882ರಲ್ಲಿ). ಜನಸಂಖ್ಯೆ 9,27,857. ಶಾಲೆಗಳು 533. ಮಕ್ಕಳು 6,641. ಅಂದರೆ ಶಾಲೆಗೆ ಹನ್ನೆರಡು ಮಕ್ಕಳು, ಸಾವಿರ ಜನರಿಗೆ ಏಳು ಮಂದಿ ಓದುವವರು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣ ವಿದ್ಯಾರ್ಥಿಗಳ ಪಾಠಶಾಲೆಗಳು.

ನಮ್ಮ ಓದುಗರು ಗಮನಿಸಬೇಕಾದ ಅಂಕಿ ಇದರ ಮುಂದಿದೆ. 6,641 ಮಕ್ಕಳಲ್ಲಿ ಮುಸಲ್ಮಾನರ ಮಕ್ಕಳು 243. ನೂರಕ್ಕೆ ನಾಲ್ಕೂ ಇಲ್ಲ. ಇಡೀ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದ ಹೆಣ್ಣುಮಕ್ಕಳು 60. ಆ ಅರವತ್ತರಲ್ಲಿ ಮುಸಲ್ಮಾನರ ಮನೆಯ ಹುಡುಗಿ ಒಬ್ಬಳೂ ಇರಲಿಲ್ಲ.

ಈ ಸೊನ್ನೆಯನ್ನು ನೆನಪಿನಲ್ಲಿ ಇಟ್ಟುಕೊಂಡು ಇಂದು ನಮ್ಮ ಯಾವುದೇ ಉರ್ದು ಪ್ರಾಥಮಿಕ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ನಾವು ಕಂಡ ಶಾಲೆಗಳಲ್ಲಿ ಹುಡುಗಿಯರ ಸಾಲೇ ಉದ್ದ.

ಕ್ಯಾಂಪ್‌ಬೆಲ್ ಬರೆದ ಪಾಠಕ್ರಮ ನಮ್ಮಂಥ ಹಳೆಯ ಮಾಸ್ತರರಿಗೆ ಪರಿಚಿತವೇ. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತದೆ. ಆಮೇಲೆ ಹಲಗೆ ಅಥವಾ ಕಡತ. ಹಲಗೆಗೆ ಇದ್ದಿಲ ಪುಡಿ ಬಳಿದಿರುತ್ತಾರೆ. ಕಡತವೆಂದರೆ ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಚಿ, ಇದ್ದಿಲು ಮತ್ತು ಅಂಟು ಬಳಿದದ್ದು. ಬರೆಯಲು ಬಳಪ, ಒರೆಸಲು ಒದ್ದೆ ಬಟ್ಟೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಾರೆ. ಈ ಕ್ರಮವನ್ನು ಇಂಗ್ಲೆಂಡಿನವರೂ ಅನುಸರಿಸಿದ್ದು ಸರಿಯೇ ಎಂದು ಆತ ಮೆಚ್ಚಿ ಬರೆದಿದ್ದಾನೆ. ಒಬ್ಬರೇ ಶಿಕ್ಷಕರಿರುವ ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಐದನೇ ತರಗತಿಯ ಹುಡುಗಿ ಒಂದನೇ ತರಗತಿಗೆ ಅಲಿಫ್ ಬೇ ತಿದ್ದಿಸುವುದು ಇಂದಿಗೂ ನಡೆದಿದೆ. ಅದನ್ನು ನಾವು ಮೆಚ್ಚಲಾರೆವು. ಅದು ಶಿಕ್ಷಕರ ಕೊರತೆ.

ಮಕ್ಕಳು ಏಕೆ ಕಡಿಮೆ ಎಂಬುದಕ್ಕೂ ಆತ ನೇರವಾಗಿ ಕಾರಣ ಕೊಟ್ಟ. ವಿಲಾಯತಿ ಬಟ್ಟೆ ಬಂದು ಇಲ್ಲಿಯ ನೇಕಾರರ ಕಸುಬು ಹೋಯಿತು, ಜನ ಬಡವರಾದರು, ಮಕ್ಕಳ ಕೈ ಕಾಲು ಗಟ್ಟಿಯಾದ ಕೂಡಲೇ ದುಡಿಮೆಗೆ ಹಚ್ಚಿದರು, ಮೊದಲು ರಾಜರಿಂದ ಬರುತ್ತಿದ್ದ ನೆರವು ನಿಂತಿತು, ಈಗ 533ರಲ್ಲಿ ಒಂದು ಶಾಲೆಗೂ ಸರಕಾರದ ಕಾಸಿಲ್ಲ ಎಂದು ನಾಚಿಕೆಯಿಂದ ಒಪ್ಪಿಕೊಂಡ. ಹತ್ತಿ ಹಿಂಜುವ, ಬಟ್ಟೆ ನೇಯುವ, ಬಣ್ಣ ಹಾಕುವ ಕಸುಬಿನ ಮನೆಗಳು ನಮ್ಮ ಸಮಾಜದಲ್ಲಿ ಎಷ್ಟಿದ್ದವು ಎಂಬುದು ಓದುಗರಿಗೆ ಗೊತ್ತು. 243 ಎಂಬ ಅಂಕಿಯ ಹಿಂದೆ ಓದಿನ ಮೇಲಿನ ಅಸಡ್ಡೆಯನ್ನಷ್ಟೇ ಕಾಣುವವರು ಈ ಭಾಗವನ್ನೂ ಓದಬೇಕು.

ಬೋರ್ಡ್ ಶಾಲೆಯ ಕಾಲ

ಮನ್ರೋ 1826ರಲ್ಲಿ ಒಂದು ಯೋಜನೆ ಬರೆದ. ಪ್ರತಿ ಜಿಲ್ಲೆಗೆ ಎರಡು ದೊಡ್ಡ ಶಾಲೆ, ಒಂದು ಹಿಂದೂಗಳಿಗೆ, ಒಂದು ಮುಸಲ್ಮಾನರಿಗೆ. ಅದರ ಕೆಳಗೆ ತಹಶೀಲಿಗೊಂದರಂತೆ ಶಾಲೆ. ಮರುವರ್ಷವೇ ಆತ ನಮ್ಮದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಯೋಜನೆಯೂ ಹೆಚ್ಚು ಕಾಲ ಬಾಳಲಿಲ್ಲ. 1837ರ ನಂತರ ಕಂಪನಿ ಸರಕಾರದ ಕಚೇರಿಗಳಲ್ಲಿ ಪಾರಸಿಗಿದ್ದ ಮಾನವೂ ಹೋಯಿತು. ಪಾರಸಿ ಕಲಿತರೆ ಮುನ್ಷಿ ಕೆಲಸ ಸಿಗುತ್ತದೆ ಎಂಬ ಆಸೆ ಮುಗಿದ ಮೇಲೆ ಪಾರಸಿ ಶಾಲೆಗಳಿಗೆ ಯಾರು ಬರಬೇಕು?

1872ರಲ್ಲಿ ಮದ್ರಾಸ್ ಸರಕಾರ ಒಂದು ವಿಷಯ ಒಪ್ಪಿಕೊಂಡಿತು. ಈಗಿನ ಶಿಕ್ಷಣ ಕ್ರಮದಲ್ಲಿ ಮುಸಲ್ಮಾನ ಮಕ್ಕಳ ಅಗತ್ಯವನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅವರು ಹೆಚ್ಚಾಗಿರುವ ಊರುಗಳಲ್ಲಿ ಪ್ರಾಥಮಿಕ ಶಾಲೆ ತೆರೆಯಬೇಕು ಎಂದಿತು. ಹತ್ತು ವರ್ಷದ ನಂತರ ಕುಳಿತ ಹಂಟರ್ ಆಯೋಗ ಇದನ್ನೇ ಇನ್ನೂ ಬಿಡಿಸಿ ಹೇಳಿತು: ಸಮಾಜ ಬೇರೆ ಭಾಷೆ ಬಯಸಿದ ಕಡೆ ಬಿಟ್ಟು ಉಳಿದ ಕಡೆ ಹಿಂದೂಸ್ತಾನಿಯಲ್ಲಿ ಪಾಠ, ಮುಸಲ್ಮಾನ ಶಿಕ್ಷಕರಿಗೆ ತರಬೇತಿ, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ. 'ಸಮಾಜ ಬೇರೆ ಭಾಷೆ ಬಯಸಿದ ಕಡೆ ಬಿಟ್ಟು' ಎಂಬ ಮಾತನ್ನು ಓದುಗರು ಗುರುತಿಟ್ಟುಕೊಳ್ಳಲಿ, ಮುಂದೆ ಅದಕ್ಕೇ ಮರಳುತ್ತೇವೆ.

1884ರ ಸ್ಥಳೀಯ ಮಂಡಳಿಗಳ ಕಾಯ್ದೆಯಿಂದ ಶಾಲೆಗಳ ಹೊಣೆ ತಾಲೂಕು ಬೋರ್ಡು, ಜಿಲ್ಲಾ ಬೋರ್ಡುಗಳಿಗೆ ಬಂತು. ಹಿರಿಯರು ಇಂದಿಗೂ 'ಬೋರ್ಡ್ ಶಾಲೆ' ಎನ್ನುವುದು ಇದರಿಂದಲೇ. 1920ರಲ್ಲಿ ಮದ್ರಾಸಿನ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದು ಶಿಕ್ಷಣಕ್ಕೆಂದೇ ತೆರಿಗೆ ಎತ್ತಲು ಅವಕಾಶವಾಯಿತು. 1934ರಲ್ಲಿ ತಾಲೂಕು ಬೋರ್ಡುಗಳು ರದ್ದಾಗಿ ಎಲ್ಲವೂ ಜಿಲ್ಲಾ ಬೋರ್ಡಿಗೆ ಸೇರಿತು. ಓಣಿಯ ಉರ್ದು ಶಾಲೆ ಹೀಗೆ ಬೋರ್ಡಿನ ಬಾಡಿಗೆ ಮನೆಯಲ್ಲಿಯೋ ಮಸೀದಿಯ ಪಕ್ಕದ ಕೋಣೆಯಲ್ಲಿಯೋ ಒಬ್ಬ ಮೌಲ್ವಿ ಸಾಹೇಬರಿಂದ ಆರಂಭವಾಗುವುದು ಆ ಕಾಲದ ರೂಢಿ. ಬೆಳಿಗ್ಗೆ ಕುರ್‌ಆನ್ ಓದು, ಆಮೇಲೆ ಸರಕಾರಿ ಪಾಠ. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ತಪಾಸಣೆ ಪುಸ್ತಕ ಈ ಮೂರನ್ನೂ ಇಡಲೇಬೇಕು ಎಂಬ ಶಿಸ್ತು ಬಂದದ್ದು ಬೋರ್ಡಿನ ಇನ್‌ಸ್ಪೆಕ್ಟರುಗಳಿಂದ. ಅವರ ಹೆದರಿಕೆಗೆ ಬರೆದಿಟ್ಟ ಆ ಪುಟಗಳಿಂದ ಇಂದು ನಮ್ಮ ಮಕ್ಕಳಿಗೆ ಪ್ರಮಾಣಪತ್ರ ಸಿಗುತ್ತಿದೆ.

1953 ವಿಚಿತ್ರ ವರ್ಷ. ಜೂನ್‌ನಲ್ಲಿ ಶಾಲೆ ಶುರುವಾದಾಗ ನಮ್ಮ ತಾಲೂಕುಗಳು ಮದ್ರಾಸ್ ರಾಜ್ಯದಲ್ಲಿದ್ದವು. ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ಮಾಸ್ತರು, ಅದೇ ಮಕ್ಕಳು, ನಡುವರ್ಷದಲ್ಲಿ ಸರಕಾರ ಬದಲು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅದೇ ದಿನ ಆಂಧ್ರಕ್ಕೆ ಹೋದವು. ನಮ್ಮ ಕಡೆ ರಾಯದುರ್ಗದಿಂದ ಸೊಸೆ ತಂದ ಮನೆಗಳು ಬಹಳ. ಅಜ್ಜಿ ಓದಿದ ಶಾಲೆಯ ಕಾಗದ ಬೇಕಾದರೆ ಈಗ ಪಕ್ಕದ ರಾಜ್ಯಕ್ಕೆ ಹೋಗಬೇಕು. ತುಂಗಭದ್ರಾ ಅಣೆಕಟ್ಟಿಗೆ ನೀರು ನಿಂತದ್ದೂ ಅದೇ ಹೊತ್ತಿಗೆ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಮುಳುಗಡೆ ಊರುಗಳ ಕುಟುಂಬಗಳು ಹೊಸ ಊರಿನ ಶಾಲೆಯಲ್ಲಿಯೇ ಮೊದಲು ವಿಚಾರಿಸಬೇಕು, ಅಲ್ಲಿ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬೇಕು.

ಹೊಳೆಯ ಆಚೆ ದಂಡೆಯ ಕೊಪ್ಪಳ ಸೀಮೆ ನಿಜಾಮರ ನಾಡು. ಅಲ್ಲಿ ಉರ್ದು ಸರಕಾರದ ಭಾಷೆ, ಎಲ್ಲ ಜಾತಿಯ ಮಕ್ಕಳೂ ಅದನ್ನು ಓದಿದರು. ಈಚೆ ದಂಡೆಯಲ್ಲಿ ಉರ್ದು ಓಣಿಯ ಭಾಷೆಯಷ್ಟೇ. ಹೀಗಾಗಿ ನಮ್ಮ ಉರ್ದು ಶಾಲೆಗಳು ಮೊದಲಿನಿಂದಲೂ ಚಿಕ್ಕವು, ಬಡವು, ಮತ್ತು ಕನ್ನಡದ ನಡುವೆ ಬೆಳೆದವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠಕ್ಕೆ ಸೌಲಭ್ಯ ಕೊಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಇಂದಿನ ಸರಕಾರಿ ಉರ್ದು ಶಾಲೆಗೆ ಇರುವ ಆಧಾರ ಅದು.

ಇನ್ನು ಜಿಲ್ಲೆಯ ಹೆಸರು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿ ಅದರೊಡನೆ 371ಜೆ ಸೌಲಭ್ಯ ಪಡೆಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆ ತಾಲೂಕಾಯಿತು. 2021ರಲ್ಲಿ ಐದೂ ವಿಜಯನಗರ ಜಿಲ್ಲೆಗೆ ಸೇರಿದವು. ಒಂದೇ ಶಾಲೆಯಲ್ಲಿ ಓದಿದ ಅಜ್ಜ, ಮಗ, ಮೊಮ್ಮಗ ಮೂವರ ಕಾಗದದಲ್ಲಿ ಮೂರು ಜಿಲ್ಲೆಯ ಹೆಸರು ಇರಬಹುದು. ಇದು ತಪ್ಪಲ್ಲ, ಹೆದರಬೇಡಿ. ಅರ್ಜಿಯಲ್ಲಿ ಊರಿನ ಹೆಸರಿನ ಮುಂದೆ 'ಹಿಂದಿನ ಬಳ್ಳಾರಿ ಜಿಲ್ಲೆ' ಅಥವಾ 'ಹಿಂದಿನ ದಾವಣಗೆರೆ ಜಿಲ್ಲೆ' ಎಂದು ಬರೆದರೆ ಸಾಕು.

ಒಂದು ಸಾಲಿನ ಬೆಲೆ

ದಾಖಲಾತಿ ಪುಸ್ತಕದಲ್ಲಿ ಒಂದು ಮಗುವಿಗೆ ಒಂದೇ ಸಾಲು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಜಾತಿ, ಸೇರಿದ ತರಗತಿ, ಬಿಟ್ಟ ದಿನ. ಆ ಸಾಲಿನ ಮೇಲೆ ನಿಂತಿರುವ ವಿಷಯಗಳನ್ನು ನೋಡಿ.

ಮೊದಲು ಜಾತಿ. ಕರ್ನಾಟಕದಲ್ಲಿ ಮುಸ್ಲಿಮರು ಸಾಮಾನ್ಯವಾಗಿ ಪ್ರವರ್ಗ 2ಬಿ. ಆದರೆ ಪಿಂಜಾರ, ನದಾಫ್, ಛಪ್ಪರ್‌ಬಂದ್, ದರ್ವೇಸು, ನಾಲ್‌ಬಂದ್, ಕಸಾಬ್ ಮೊದಲಾದ ಸಮುದಾಯಗಳು ಪ್ರವರ್ಗ 1ರಲ್ಲಿವೆ. ಪ್ರವರ್ಗ 1ಕ್ಕೆ ಕೆನೆಪದರದ ಆದಾಯ ಮಿತಿ ಇಲ್ಲ. ನಮ್ಮ ಐದು ತಾಲೂಕುಗಳಲ್ಲಿ ಪಿಂಜಾರ ಮನೆಗಳು ಹೆಚ್ಚು. ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು, ಆದರೆ ಅವರ ಕಚೇರಿ ಮೊದಲು ಕೇಳುವುದು ತಂದೆಯ ಅಥವಾ ಅಜ್ಜನ ಶಾಲಾ ದಾಖಲೆ. ಹಳೆಯ ಪುಸ್ತಕ ತೆಗೆದರೆ ಒಬ್ಬ ಮುಖ್ಯಗುರುಗಳು 'ಪಿಂಜಾರ' ಎಂದು ಬರೆದಿರುತ್ತಾರೆ, ಅದೇ ಮನೆಯ ತಮ್ಮನಿಗೆ ಇನ್ನೊಬ್ಬರು 'ಮುಸಲ್ಮಾನ' ಎಂದು ಬರೆದು ಮುಗಿಸಿರುತ್ತಾರೆ. ಅಣ್ಣನ ಮಕ್ಕಳು ಪ್ರವರ್ಗ 1, ತಮ್ಮನ ಮಕ್ಕಳು 2ಬಿ! ಅಂಥವರು ಅಣ್ಣನ ದಾಖಲೆ, ವಂಶವೃಕ್ಷ ಎರಡನ್ನೂ ಜೊತೆಗೆ ಕೊಡಬೇಕು. ಮುಖ್ಯಗುರುಗಳ ಬಳಿ ಹೋಗಿ 'ಸ್ವಲ್ಪ ತಿದ್ದಿಕೊಡಿ' ಎಂದು ಒತ್ತಾಯಿಸುವುದು ಮಾತ್ರ ಬೇಡ. ತಿದ್ದಿದ ಸಾಲು ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಅವರ ನೌಕರಿಯೂ ಹೋಗುತ್ತದೆ, ನಿಮ್ಮ ಮಗುವಿನ ಸೀಟೂ ಹೋಗುತ್ತದೆ.

ಆಮೇಲೆ ಹೆಸರು. ಉರ್ದುವಿನ ಕೆಲವು ಧ್ವನಿಗಳಿಗೆ ಕನ್ನಡದಲ್ಲಿ ನೇರ ಅಕ್ಷರವಿಲ್ಲ. ಹಾಗಾಗಿ ಖಾದರ್ ಬಾಷಾ ಒಂದು ಕಾಗದದಲ್ಲಿ ಕಾದರಬಾಷ, ಇನ್ನೊಂದರಲ್ಲಿ ಖಾದರ್ ಭಾಷಾ. (ಬಾದಷಾಹನಿಂದ ಬಂದ ಬಾಷಾ, ಮಾತಿಗೆ ಹೇಳುವ ಭಾಷಾ ಆಗಿಬಿಟ್ಟಿದೆ, ವ್ಯಾಕರಣ ಪಾಠ ಹೇಳಿದವರಿಗೆ ನಗು ಬರುತ್ತದೆ.) ಹುಸೇನಬಿ, ಹುಸೇನ್ ಬೀ, ಹುಸೇನ್ ಬೇಗಂ ಮೂರೂ ಒಬ್ಬರೇ ಆಗಿರಬಹುದು. ಬ್ಯಾಂಕಿನ ಗಣಕಯಂತ್ರಕ್ಕೆ ಅದು ತಿಳಿಯುವುದಿಲ್ಲ, ಹಣ ವಾಪಸ್ಸು ಹೋಗುತ್ತದೆ. ಮಗು ಒಂದನೇ ತರಗತಿಗೆ ಸೇರುವ ದಿನವೇ ಜನನ ಪ್ರಮಾಣಪತ್ರ ಮತ್ತು ಆಧಾರ್ ಎರಡರಲ್ಲಿಯೂ ಒಂದೇ ಕಾಗುಣಿತ ಇದೆಯೇ ನೋಡಿ, ದಾಖಲಾತಿ ಪುಸ್ತಕದಲ್ಲಿಯೂ ಅದನ್ನೇ ಬರೆಸಿ. ಮಗು ಶಾಲೆಯಲ್ಲಿ ಇರುವಾಗ ತಿದ್ದುಪಡಿಗೆ ದಾರಿ ಇರುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಬಂದ ಮೇಲೆ ವಕೀಲರ ಮನೆಯ ದಾರಿ ಹಿಡಿಯಬೇಕಾಗುತ್ತದೆ.

ಹುಟ್ಟಿದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಪೀಳಿಗೆಯವರಲ್ಲಿ ಬಹಳಷ್ಟು ಜನ ಜೂನ್ 1ಕ್ಕೆ ಹುಟ್ಟಿದವರು! ಶಾಲೆ ತೆರೆದ ದಿನವನ್ನೇ ಮಾಸ್ತರು ಬರೆದುಕೊಳ್ಳುತ್ತಿದ್ದರು.

ಈ ಪುಸ್ತಕಗಳು ಈಗ ಗೆದ್ದಲಿಗೂ ಮಳೆ ಸೋರಿಕೆಗೂ ಸಿಕ್ಕಿವೆ. ಕೆಲವು ದಾನಿಗಳು ಪ್ರೀತಿಯಿಂದ 'ಲ್ಯಾಮಿನೇಷನ್ ಮಾಡಿಸಿ ಕೊಡುತ್ತೇವೆ' ಎಂದರು. ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಒಳ್ಳೆಯದಲ್ಲ, ಬಿಸಿಗೆ ಕಾಗದ ಸುಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದ ಬೀರುವಿನಲ್ಲಿ ಇಟ್ಟು, ಮುಖ್ಯಗುರುಗಳ ಒಪ್ಪಿಗೆ ಪಡೆದು ಶಾಲೆಯಲ್ಲಿಯೇ ಪುಟಪುಟವಾಗಿ ಸ್ಕ್ಯಾನ್ ಮಾಡುವುದು ಸರಿಯಾದ ಕ್ರಮ. ಪುಸ್ತಕ ಸರಕಾರದ್ದು, ಅದು ಶಾಲೆಯ ಹೊಸ್ತಿಲು ದಾಟಬಾರದು.

ಉರ್ದುವೋ ಕನ್ನಡವೋ ಇಂಗ್ಲಿಷೋ

ಇದು ಪ್ರತಿ ವರ್ಷ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆ. ನಾವು ಎಲ್ಲರಿಗೂ ಒಂದೇ ಉತ್ತರ ಕೊಡುವುದಿಲ್ಲ.

ನಮ್ಮ ಓಣಿಗಳಲ್ಲಿ ಮಕ್ಕಳು ಮನೆಯಲ್ಲಿ ಮಾತನಾಡುವುದು ದಖ್ಖನಿ. 'ನಕ್ಕೋ', 'ಕಾಯ್ಕು', 'ಹೌ' ಅನ್ನುವ ಮಗು ಪುಸ್ತಕದಲ್ಲಿ 'ನಹೀಂ', 'ಕ್ಯೋಂ', 'ಹಾಂ' ಓದಬೇಕು. ಆದರೂ ಇದು ದೂರದ ಭಾಷೆಯಲ್ಲ, ಆರು ತಿಂಗಳಲ್ಲಿ ಹೊಂದಿಕೊಳ್ಳುತ್ತದೆ. ಪಿಂಜಾರ ಮನೆಗಳಲ್ಲಿ ಹೆಚ್ಚಿನವರ ಮನೆಮಾತೇ ಕನ್ನಡ. ಅಂಥ ಮಗುವನ್ನು 'ನಮ್ಮವರ ಶಾಲೆ' ಎಂಬ ಒಂದೇ ಕಾರಣಕ್ಕೆ ಉರ್ದು ಮಾಧ್ಯಮಕ್ಕೆ ಹಾಕಿದರೆ ಅದು ಮಾತೃಭಾಷೆಯಲ್ಲಿ ಕಲಿತಂತಾಗುವುದಿಲ್ಲ. ಹಂಟರ್ ಆಯೋಗ ಬಿಟ್ಟ ಆ ಬಾಗಿಲು ಇಂಥವರಿಗೇ. ಉರ್ದು ಓದು ಬರಹವನ್ನು ಮಕ್ತಬ್‌ನಲ್ಲಿ ಸಂಜೆ ಕಲಿಯಬಹುದು.

ಉರ್ದು ಮಾಧ್ಯಮಕ್ಕೆ ಹಾಕುವವರು ಇನ್ನೊಂದು ವಿಷಯ ಮೊದಲೇ ನೋಡಿಕೊಳ್ಳಬೇಕು: ಏಳನೇ ತರಗತಿಯ ನಂತರ ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇದೆಯೇ? ಇಲ್ಲದಿದ್ದರೆ ಎಂಟನೇ ತರಗತಿಗೆ ಕನ್ನಡ ಮಾಧ್ಯಮ. ಬುದ್ಧಿವಂತ ಹುಡುಗಿಯರು ಅಲ್ಲಿ ಎಡವುವುದನ್ನು ನಾವು ತರಗತಿಯಲ್ಲಿ ನಿಂತು ನೋಡಿದ್ದೇವೆ. ಲೆಕ್ಕ ಬರುತ್ತದೆ, ಪದ ಬರುವುದಿಲ್ಲ. 'ಕಸರ್' ಎಂದು ಕಲಿತದ್ದು 'ಭಿನ್ನರಾಶಿ' ಆಗಿರುತ್ತದೆ, 'ಜಿಯಾಯಿ ತಾಲೀಫ್' ಎಂದು ಬಾಯಿಪಾಠ ಮಾಡಿದ್ದು 'ದ್ಯುತಿಸಂಶ್ಲೇಷಣೆ' ಆಗಿರುತ್ತದೆ. ಮಗು ತನಗೆ ಏನೂ ಬರುವುದಿಲ್ಲ ಎಂದುಕೊಂಡು ಮೌನವಾಗುತ್ತದೆ, ಅರ್ಧ ವರ್ಷದಲ್ಲಿ ಮನೆಯವರು 'ಓದು ಹತ್ತಲಿಲ್ಲ' ಎಂದು ಬಿಡಿಸುತ್ತಾರೆ. ಇದಕ್ಕೆ ಔಷಧ ದೊಡ್ಡದೇನಲ್ಲ. ಆರು, ಏಳನೇ ತರಗತಿಯಲ್ಲಿಯೇ ವಿಜ್ಞಾನ, ಗಣಿತದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸಬೇಕು. ಟ್ರಸ್ಟ್ ಬೇಸಿಗೆ ರಜೆಯಲ್ಲಿ ಏಳನೇ ತರಗತಿ ಮುಗಿಸಿದ ಮಕ್ಕಳಿಗೆ ಕನ್ನಡ ಪದಗಳ ತರಗತಿ ನಡೆಸಬೇಕೆಂದು ನಾವು ಒತ್ತಾಯಿಸುತ್ತಿರುವುದು ಈ ಕಾರಣಕ್ಕೆ. ನಿವೃತ್ತ ಶಿಕ್ಷಕರು ಯಾರಾದರೂ ವಾರಕ್ಕೆ ಎರಡು ಗಂಟೆ ಕೊಡಬಲ್ಲವರಿದ್ದರೆ ಹೆಸರು ಕೊಡಿ.

ಇಂಗ್ಲಿಷ್ ಮಾಧ್ಯಮದ ಆಸೆ ತಪ್ಪಲ್ಲ. ಮಾಧ್ಯಮದ ಆಯ್ಕೆ ಪಾಲಕರದು ಎಂದು ಸುಪ್ರೀಂ ಕೋರ್ಟೂ 2014ರಲ್ಲಿ ಹೇಳಿದೆ. 2019ರಿಂದ ಹಲವು ಸರಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ವಿಭಾಗ ಶುರುವಾಗಿದೆ. ಆದರೆ ಸಾಲ ಮಾಡಿ ಫೀ ಕಟ್ಟಿ, ಎರಡನೇ ವರ್ಷ ಕಟ್ಟಲಾಗದೆ, ಟಿ.ಸಿ. ತಡೆಹಿಡಿದು ಮಗು ಮನೆಯಲ್ಲಿ ಕುಳಿತ ಅರ್ಜಿಗಳೂ ನಮ್ಮ ಮುಂದೆ ಬಂದಿವೆ. ಪಕ್ಕದ ಮನೆಯ ಮಗು ಟೈ ಕಟ್ಟಿದೆ ಎಂಬುದು ಶಾಲೆ ಬದಲಿಸಲು ಕಾರಣವಾಗಬಾರದು.

ಅರವತ್ತೊಂದನೇ ಮಗು

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕು. ಶಿಕ್ಷಕರ ಲೆಕ್ಕವನ್ನೂ ಕಾಯ್ದೆಯೇ ಹೇಳುತ್ತದೆ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅರವತ್ತೊಂದರಿಂದ ತೊಂಬತ್ತರವರೆಗೆ ಮೂವರು, ತೊಂಬತ್ತೊಂದರಿಂದ ನೂರಿಪ್ಪತ್ತರವರೆಗೆ ನಾಲ್ವರು. ಪಾಲಕರು ಇದನ್ನು ತಿಳಿದಿರಬೇಕು. ಓಣಿಯ ಶಾಲೆಯಲ್ಲಿ ಅರವತ್ತೊಂದು ಮಕ್ಕಳಿದ್ದು ಒಂದು ಮಗು ಬಿಟ್ಟರೆ ಮೂರನೇ ಶಿಕ್ಷಕರು 'ಹೆಚ್ಚುವರಿ' ಪಟ್ಟಿಗೆ ಬರುತ್ತಾರೆ, ಬೇರೆ ಊರಿಗೆ ಹೋಗುತ್ತಾರೆ. ಶಿಕ್ಷಕರು ಹೋದರು ಎಂದು ಇನ್ನೂ ಹತ್ತು ಮಕ್ಕಳು ಬಿಡುತ್ತಾರೆ. ಒಳ್ಳೆಯ ಶಾಲೆ ಮೂರು ನಾಲ್ಕು ವರ್ಷದಲ್ಲಿ ಖಾಲಿಯಾಗುವುದು ಹೀಗೆ. ಶಾಲೆ ಮುಚ್ಚಿದರೆ ದೂರದ ಶಾಲೆಗೆ ಗಂಡುಮಗನನ್ನು ಸೈಕಲ್ಲಿನಲ್ಲಿ ಕಳಿಸುತ್ತಾರೆ, ಹೆಣ್ಣುಮಗಳನ್ನು ಕಳಿಸುವುದಿಲ್ಲ. 1823ರ ಸೊನ್ನೆಯಿಂದ ಇಲ್ಲಿಯವರೆಗೆ ನಡೆದು ಬಂದ ದಾರಿ ಆ ಒಂದು ಕಿಲೋಮೀಟರಿನೊಳಗೇ ಇದೆ.

ಸುಗ್ಗಿ ಮುಗಿದ ಮೇಲೆ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಗುಳೆ ಹೋಗುವ ಕುಟುಂಬಗಳಿವೆ. ಅವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋದರೆ ಶಾಲೆಯಲ್ಲಿ ಮಧ್ಯಾಹ್ನದ ಊಟವಾದರೂ ಸಿಗುತ್ತದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಜೊತೆಗೆ ಕರೆದೊಯ್ಯುವುದಾದರೆ ಹೋಗುವ ಮೊದಲು ಮುಖ್ಯಗುರುಗಳಿಗೆ ತಿಳಿಸಿ, ಹೆಸರು ತೆಗೆಯದಂತೆ ಕೇಳಿಕೊಳ್ಳಿ.

ಸಾಚಾರ್ ಸಮಿತಿ 2006ರಲ್ಲಿ ಹೇಳಿದ ಒಂದು ಮಾತನ್ನು ಹೊರಗಿನವರು ಬೇಗ ಮರೆಯುತ್ತಾರೆ. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸಾಕ್ಕೆ ಹೋಗುವವರು ನೂರಕ್ಕೆ ಮೂರು ನಾಲ್ಕು ಮಾತ್ರ. ಆ ವರದಿಯ ನಂತರ 2008ರಲ್ಲಿ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬಂತು. ಒಂದರಿಂದ ಐದನೇ ತರಗತಿಯ ಮಗುವಿಗೆ ವರ್ಷಕ್ಕೆ ಸಾವಿರ ರೂಪಾಯಿ, ಚಿಕ್ಕ ಮೊತ್ತ. ಆದರೆ ಆ ಸಾವಿರಕ್ಕಾಗಿ ತಾಯಂದಿರು ಬ್ಯಾಂಕ್ ಖಾತೆ ತೆರೆದರು, ಮಗುವಿನ ಹಾಜರಾತಿ ನೋಡಿಕೊಂಡರು. 2022-23ರಿಂದ ಅದು ಒಂಬತ್ತು ಮತ್ತು ಹತ್ತನೇ ತರಗತಿಗೆ ಮಾತ್ರ ಎಂದಾಯಿತು. ಎಂಟರವರೆಗೆ ಶಿಕ್ಷಣ ಉಚಿತವಲ್ಲವೇ ಎಂಬುದು ಕೊಟ್ಟ ಕಾರಣ. ಪಾಠ ಉಚಿತ, ನಿಜ. ನೋಟ್ ಪುಸ್ತಕ, ಚೀಲ, ಚಪ್ಪಲಿ, ಜ್ವರ ಬಂದಾಗಿನ ಖರ್ಚು, ದುಡಿಮೆಗೆ ಹೋಗದೆ ಬಿಟ್ಟ ದಿನಗೂಲಿ ಇವು ಉಚಿತವಲ್ಲ. ನಮ್ಮ ಟ್ರಸ್ಟಿನ ಪ್ರಾಥಮಿಕ ವಿದ್ಯಾರ್ಥಿವೇತನ ಒಂದರಿಂದ ಎಂಟನೇ ತರಗತಿಯವರಿಗೆ ಇರುವುದು ಈ ಖಾಲಿ ಜಾಗಕ್ಕಾಗಿ.

ದಾನಿಗಳಿಗೆ ಒಂದು ಸ್ಪಷ್ಟನೆ. ಝಕಾತ್ ಹಣವನ್ನು ಅರ್ಹ ಬಡ ವಿದ್ಯಾರ್ಥಿಯ ಕೈಗೆ, ಅವನ ಸ್ವಂತಕ್ಕೆ ಕೊಡಬೇಕು. ಅದರಿಂದ ಕಟ್ಟಡಕ್ಕೆ ಸುಣ್ಣ ಬಳಿಯಲು, ಬೀರು ಕೊಳ್ಳಲು, ಅತಿಥಿ ಶಿಕ್ಷಕರ ಗೌರವಧನಕ್ಕೆ ಬರುವುದಿಲ್ಲ ಎಂದು ನಮ್ಮ ಉಲಮಾ ಹೇಳುತ್ತಾರೆ. ಆ ಕೆಲಸಗಳಿಗೆ ಸದಖಾ ಮತ್ತು ಸಾಮಾನ್ಯ ದೇಣಿಗೆ ಬೇಕು. ಎರಡು ಖಾತೆ ಬೇರೆ ಬೇರೆ ಇವೆ, ರಸೀದಿಯಲ್ಲಿ ಯಾವುದಕ್ಕೆ ಎಂದು ಬರೆಸಿ. ಇದುವರೆಗೆ ಬಂದ ದೇಣಿಗೆಯಲ್ಲಿ ಹೆಚ್ಚಿನದು ಝಕಾತ್. ಅತಿಥಿ ಶಿಕ್ಷಕರಿಗೆ, ದಾಖಲಾತಿ ಪುಸ್ತಕಗಳ ರಕ್ಷಣೆಗೆ ಮೀಸಲಾದ ಹಣ ಬಹಳ ಕಡಿಮೆ.

ಪಾಲಕರಿಗೆ: ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಮಗುವಿನ ವ್ಯಾಸಂಗ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ತಾಯಿ ಅಥವಾ ತಂದೆಯ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಸಾಕು. ತಂದೆ ಅಥವಾ ಅಜ್ಜನ ಶಾಲಾ ದಾಖಲೆಯ ಪ್ರತಿ ಇದ್ದರೆ ಜೊತೆಗೆ ಇಡಿ. ಇಲ್ಲದಿದ್ದರೆ ಅವರು ಓದಿದ ಶಾಲೆಯ ಹೆಸರು, ಸುಮಾರು ಯಾವ ವರ್ಷ ಎಂಬುದನ್ನು ಬರೆಯಿರಿ, ಹುಡುಕುವ ಕೆಲಸದಲ್ಲಿ ನಾವು ಜೊತೆಗೆ ಬರುತ್ತೇವೆ. ಶಾಲೆ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅಥವಾ ಸಂಜೆ ಬಿಟ್ಟ ಮೇಲೆ ಹೋಗೋಣ. ನಡುವೆ ಹೋದರೆ ಇರುವ ಇಬ್ಬರು ಶಿಕ್ಷಕರಲ್ಲಿ ಒಬ್ಬರು ಪಾಠ ಬಿಟ್ಟು ಬೀರು ತೆಗೆಯಬೇಕಾಗುತ್ತದೆ.